ಸುಗ್ಗಿಯ ಹಂದಿ, ಯುಗಾದಿಯ ಕರಡಿ

ಹೊಸತೊಡಕಿನ ಬೆಳಿಗ್ಗೆ ನಾನು ಖಾರ ರುಬ್ಬುತ್ತಿದ್ದೆ. ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಬಾಡೂಟ ಆಗಲೇಬೇಕು. ಮನೆಯಲ್ಲಿ ಮಿಕ್ಸಿ ಇದ್ದರೂ ಹಬ್ಬದ ಖಾರ ಒರಳಲ್ಲೇ ಆಗಬೇಕೆಂದು ಮಾವನ ಹಟ. ಕಾಯಿ, ಚಕ್ಕೆ, ಲವಂಗ ಇನ್ನೂ ನುಣ್ಣಗಾಗಿರಲಿಲ್ಲ. ಅಷ್ಟರಲ್ಲಿ ಮೈದುನ ಹಿತ್ತಲ ಬಾಗಿಲಲ್ಲಿ ಬಂದು ನಿಂತ. ಅಂಗಿಯೆಲ್ಲ ರಕ್ತ.

"ಅತ್ಗೆ, ಅಣ್ಣಂಗೆ ಕರಡಿ..." ಎಂದವನು ಮುಂದೆ ಹೇಳಲಾರದೆ, ಹಣೆಯಿಂದ ಗಲ್ಲದವರೆಗೆ ತನ್ನ ಮುಖದ ಮೇಲೆ ಕೈ ಎಳೆದು ತೋರಿಸಿದ.

ನಮ್ಮ ಊರು ಅತ್ತಿಬೆಲೆಯಿಂದ ಒಳಕ್ಕೆ. ಒಂದು ಪಕ್ಕ ಕಾರ್ಖಾನೆ, ಬಾಡಿಗೆ ರೂಮುಗಳು. ಇನ್ನೊಂದು ಪಕ್ಕ ನಮ್ಮ ರಾಗಿ ಹೊಲ, ಅದರಾಚೆ ಕಾಡು. ನಮ್ಮ ಯಜಮಾನರು ಕಾರ್ಖಾನೆಯಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದರು. ಬೇಟೆ ಅಪರಾಧವೆಂದು ಊರಿಗೆಲ್ಲ ಗೊತ್ತು. ಆದರೂ ಹೊಸತೊಡಕಿನ ದಿನ ಮನೆಯ ಗಂಡಸು ಬರಿಗೈಲಿ ಬಂದರೆ ವರ್ಷವೆಲ್ಲ ಬರಿಗೈ ಎಂಬ ನಂಬಿಕೆ ನಮ್ಮವರನ್ನು ಬಿಟ್ಟಿಲ್ಲ. ಮಾವನ ಕಾಲದಲ್ಲಿ ಊರಿಗೆ ಊರೇ ನಾಯಿ, ಬಲೆ ಕಟ್ಟಿಕೊಂಡು ಹೊರಡುತ್ತಿತ್ತಂತೆ. ಈಗ ಬೈಕಿನ ಕ್ಲಚ್ ವೈರಿನಲ್ಲಿ ಕದ್ದು ಕಟ್ಟುವ ಉರುಳು ಅಷ್ಟೆ.

ಹಿಂದಿನ ದಿನ ಒಬ್ಬಟ್ಟು ತಿನ್ನುತ್ತಾ ಇದೇ ಮಾತು ಬಂದಿತ್ತು.

"ಸುಗ್ಗೀಲಿ ಅಂದಿ ನಮ್ಮ ರಾಗಿ, ಕಡ್ಲೆಕಾಯಿ ಮೇದು ಗುಂಡಗಾಗಿರ್ತದೆ. ಬಾಣ್ಲೆಗೆ ಎಣ್ಣೇನೇ ಬ್ಯಾಡ" ಎಂದರು ಮಾವ. "ಯುಗಾದಿ ಅಂದಿ ತಿನ್ನೋದೂ ಒಂದೇ, ಎಕ್ಕಡ ಬೇಯ್ಸಿ ತಿನ್ನೋದೂ ಒಂದೇ ಕಣ್ಲಾ."

"ನಿಂಗೆ ಹಲ್ಲಿಲ್ಲ ಕಣಪ್ಪೋ. ಒಬ್ಬಟ್ಟೂ ಎಕ್ಕಡಾನೇ" ಎಂದು ಯಜಮಾನರು ನಕ್ಕರು.

ಚರ್ಮಕ್ಕೂ ಸುಗ್ಗಿಯೇ ಸರಿ ಎಂದು ಮಾವ ಬಿಡದೆ ಹೇಳಿದರು. ಅವರ ಅಪ್ಪ ಕಾರ್ತಿಕದಲ್ಲಿ ಹೊಡೆದ ಕರಡಿಯ ಚರ್ಮ ಈ ಮನೆಯಲ್ಲಿ ಬಹಳ ಕಾಲ ಇತ್ತಂತೆ. ಬೆಚ್ಚಿಬಿದ್ದ ಮಕ್ಕಳನ್ನು ಅದರ ಮೇಲೆ ಕೂರಿಸಿ ದೃಷ್ಟಿ ತೆಗೆಯುತ್ತಿದ್ದರಂತೆ. ಬೇಸಿಗೆಯಲ್ಲಿ ಹೊಡೆದ ಕರಡಿಯದಾದರೆ ಕೂದಲು ಹಿಡಿಹಿಡಿಯಾಗಿ ಕೈಗೇ ಬರುತ್ತಿತ್ತಂತೆ.

"ನಂಗ್ಯಾಕಪ್ಪ ಚರ್ಮ? ಶಾಸ್ತ್ರಕ್ಕೆ ಒಂದು ಉರುಳು ಕಟ್ಟಿ ಬತ್ತೀನಿ. ಬಿದ್ರೆ ಬೀಳ್ಲಿ."

"ಹೊಲ ಬರಿದಾಗೈತೆ. ಅಂದಿ ಯಾಕ್ಲಾ ಬತ್ತದೆ ಅಲ್ಲಿಗೆ?"

ಸುಗ್ಗಿಯಲ್ಲಿ ಹಂದಿ ನುಗ್ಗುವ ಬೇಲಿಯ ಸಂದಿನಲ್ಲೇ ಯಜಮಾನರು ಉರುಳು ಕಟ್ಟಿದರು. ಪ್ರತಿ ವರ್ಷ ಸುಗ್ಗಿಯಲ್ಲಿ ಕಟ್ಟುವ ಜಾಗ, ಕೈಗೆ ರೂಢಿ. ಹಂದಿ ಬರುವುದಿಲ್ಲ ಎಂದು ಮಾವನಿಗೆ ಗೊತ್ತಿತ್ತು. ಚೈತ್ರದಲ್ಲಿ ಆ ಬೇಲಿಯ ಅತ್ತಿಮರ ಹಣ್ಣಾಗುತ್ತದೆ, ಹಣ್ಣಿಗೆ ಕರಡಿ ಇಳಿಯುತ್ತದೆ ಎಂಬುದು ಮಾತ್ರ ಅವರಿಬ್ಬರಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ.

ಬೆಳಿಗ್ಗೆ ಅಣ್ಣತಮ್ಮ ಹೋಗಿ ನೋಡಿದಾಗ ಕರಡಿಯ ಮುಂಗಾಲು ಉರುಳಿನಲ್ಲಿತ್ತಂತೆ. ಎಳೆದೂ ಎಳೆದೂ ಸುಸ್ತಾಗಿ, ಮನುಷ್ಯರ ಹಾಗೆ ನರಳುತ್ತಿತ್ತಂತೆ. ಓಡಿಹೋಗೋಣ ಎಂದು ಮೈದುನ ಅಂದ. "ವರ್ಷದ ಮೊದ್ಲಲ್ಲೇ ಇದರ ಪಾಪ ನಮ್ಗ್ಯಾಕೆ ಕಣೋ" ಎಂದು ಇವರು ಕಟಿಂಗ್ ಪ್ಲೇಯರ್ ಹಿಡಿದು, ಮರಕ್ಕೆ ಬಿಗಿದಿದ್ದ ತುದಿಯನ್ನು ಕತ್ತರಿಸಲು ಹಿಂದಿನಿಂದ ಹೋದರು. ವೈರು ತುಂಡಾದದ್ದೇ ತಡ, ಅದು ತಿರುಗಿ ಮುಖಕ್ಕೇ ಬಂತು. ಆಮೇಲೆ ಕಾಲಲ್ಲಿ ವೈರು ಕಟ್ಟಿಕೊಂಡೇ ಕಾಡು ಸೇರಿತು.

ಆಂಬುಲೆನ್ಸ್ ಬೇಗ ಸಿಕ್ಕಿತು, ಅದು ದೇವರು ಕೊಟ್ಟದ್ದು. ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ ಜೀವ ಉಳಿಸಿದರು, ಅದೂ ಅವನು ಕೊಟ್ಟದ್ದೇ. ನಾಲಿಗೆ ಉಳಿಯಿತು, ಕೈ ಎರಡೂ ಉಳಿದವು. ಬಲಗಣ್ಣು ಆ ಬೇಲಿಯ ಹತ್ತಿರವೇ ಹೋಗಿತ್ತು. ಎಡಗಣ್ಣಿಗೆ ಆಪರೇಷನ್ ಮಾಡಿ ಪಟ್ಟಿ ಕಟ್ಟಿದ್ದರು. ಅರಣ್ಯ ಇಲಾಖೆಯವರು ಬಂದು, ಗುಣವಾದ ಮೇಲೆ ಕೋರ್ಟಿಗೆ ಬರಬೇಕೆಂದು ಹೇಳಿ ಹೋದರು. ಆ ಮಾತು ನನ್ನ ಕಿವಿಯ ಮೇಲೆ ಬಿತ್ತಷ್ಟೆ, ಒಳಗೆ ಇಳಿಯಲಿಲ್ಲ. ನಾನು ಬೇಡುತ್ತಿದ್ದುದು ಒಂದೇ: ಮುನೇಶ್ವರ, ಎರಡು ಕಣ್ಣು ಕೊಟ್ಟವನು ನೀನು, ಒಂದನ್ನು ಬಿಟ್ಟುಕೊಡು.

"ಒಂದ್ ಕಣ್ಣಿದ್ರೆ ಸಾಕು ಕಣೇ" ಎಂದು ಹೊಲಿಗೆ ಹಾಕಿದ ಬಾಯಲ್ಲೇ ಇವರು ಹೇಳುತ್ತಿದ್ದರು. "ಮೆಷಿನ್ ನಡೆಸ್ತೀನಿ. ಅಳತೆಗೆ ಒಂದ್ ಕಣ್ಣು ಮುಚ್ಕೊಂಡೇ ಅಲ್ವಾ ನೋಡೋದು?"

ನನ್ನನ್ನು ನಗಿಸಲೆಂದೇ ಆಡಿದ ಮಾತು. ನಾನೂ ನಕ್ಕೆ, ಕೇಳಿಸುವ ಹಾಗೆ.

ಪಟ್ಟಿ ಬಿಚ್ಚುವ ದಿನ ಮಾವ ಬರಲಿಲ್ಲ. ಮನೆಯಲ್ಲೇ ದೀಪ ಹಚ್ಚಿ ಕೂತಿರುತ್ತೇನೆ ಎಂದರು. ಡಾಕ್ಟರಮ್ಮ ಹತ್ತಿಯನ್ನು ನಿಧಾನವಾಗಿ ಎತ್ತಿ, ಟಾರ್ಚ್ ಹಾಕಿ ನೋಡಿದರು. ಪಕ್ಕದಿಂದ ನೋಡಿದರು, ಇನ್ನೊಮ್ಮೆ ಎದುರಿಂದ ನೋಡಿದರು. ಮತ್ತೆ ನನ್ನ ಕಡೆ ತಿರುಗಿ ಇಲ್ಲವೆಂದು ತಲೆ ಅಲ್ಲಾಡಿಸಿದರು. ಕಣ್ಣು ತೆರೆದೇ ಇತ್ತು. ಮದುವೆಯಾದಾಗಿನಿಂದ ನಾನು ನೋಡಿದ ಅದೇ ಕಣ್ಣು.

"ಪಟ್ಟಿ ಪೂರ್ತಿ ತೆಗ್ದಿದಾರಾ?" ಎಂದು ಇವರು ಕೇಳಿದರು.

ಡಾಕ್ಟರಮ್ಮ ಟಾರ್ಚ್ ಆರಿಸಿದರು.

"ಏನೇ, ತೆಗ್ದಿದಾರಾ?"

"ತೆಗ್ದಿದಾರೆ ಕಣ್ರೀ" ಎಂದೆ.

ಅವರು ಕೈ ಎತ್ತಿ, ಮುಖವನ್ನು ಮುಟ್ಟಿ ನೋಡಿಕೊಂಡರು. ರೆಪ್ಪೆ ಬೆರಳಿಗೆ ಸಿಕ್ಕಿತು. ಕೈ ಅಲ್ಲೇ ನಿಂತಿತು. ಆಮೇಲೆ ಗೋಡೆಯ ಕಡೆ ಹೊರಳಿ ಮಲಗಿದರು. ನಾನು ಬೆನ್ನು ಸವರಿದೆ. ಬೇಡ ಎನ್ನಲಿಲ್ಲ.

ಜೀವ ಇದೆಯಲ್ಲ ಎಂದು ಬಂದವರೆಲ್ಲ ಹೇಳುತ್ತಾರೆ. ನಾನೂ ಹಾಗೇ ಹೇಳಿಕೊಳ್ಳಲು ಹೋಗುತ್ತೇನೆ, ಅರ್ಧಕ್ಕೇ ಬಿಟ್ಟುಬಿಡುತ್ತೇನೆ. ಪಾಪ ಬೇಡವೆಂದು ಕೈ ಚಾಚಿದವರಿಗೆ ಹೀಗೇಕಾಯಿತು ಎಂದು ದೇವರ ಮುಂದೆ ನಿಂತು ಕೇಳುತ್ತೇನೆ. ಆ ಮೂಕಪ್ರಾಣಿಯೂ ಕಾಡಿನಲ್ಲೆಲ್ಲೋ ಕಾಲು ಕೊಳೆಯುತ್ತಾ ಇದನ್ನೇ ಕೇಳುತ್ತಿರಬಹುದು.

ಪಟ್ಟಿ ಬಿಚ್ಚಿದ ದಿನ ನಾನು ಮನೆಗೆ ಬಂದಾಗ ಮಾವ ನನ್ನ ಮುಖ ನೋಡಿದರು. ಎದ್ದು ಹೊರಗೆ ಹೋದರು. ಹೊಲಿಗೆಯ ಬಾಯಲ್ಲಿ ಇವರಿಗೆ ಅಗಿಯಲು ಆಗುತ್ತಿರಲಿಲ್ಲ. ಸಂಜೆಯೊಳಗೆ ಆಸ್ಪತ್ರೆಗೆ ಗಂಜಿ ಒಯ್ಯಬೇಕಿತ್ತು. ರಾಗಿ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಗಂಟು ಉಳಿಯದಂತೆ ಬಟ್ಟೆಯಲ್ಲಿ ಸೋಸಿ, ಒಲೆಯ ಮೇಲಿಟ್ಟು ತಿರುವತೊಡಗಿದೆ.