ಗುರುತಿಗೆ ನಿಂತ ಗಂಗಮ್ಮ

ಸ್ನೇಹಿತರೇ, ನನ್ನ ಇಂದಿನ ಘನಕಾರ್ಯ ಕೇಳಿ.

ಶಿವನಿ ಹತ್ತಿರದ ಸ್ಮಶಾನದಲ್ಲಿ ಮರಗಳ ಸಂಶೋಧನೆಗೆಂದು, ಸುತ್ತ ಕಂಡಿದ್ದನ್ನೆಲ್ಲ ಚುಕ್ಕಿಗಳ ನಕ್ಷೆಯಾಗಿಸುವ ಲೇಸರ್ ಸ್ಕ್ಯಾನರನ್ನು ಬೆನ್ನಿಗೇರಿಸಿಕೊಂಡು ಸುತ್ತುತ್ತಿದ್ದೆ. ಗಂಗಮ್ಮ ಎಂಬ ಅಜ್ಜಿ ಬಂದು, "ಇದ್ರಲ್ಲಿ ಎಲ್ಲಾ ನಕ್ಷೆಗೆ ಬತ್ತದೇನಪ್ಪಾ?" ಎಂದರು.

"ಕಂಡಿದ್ದೆಲ್ಲ ಬರುತ್ತೆ ಅಜ್ಜಿ."

"ನಮ್ಮ ಯಜಮಾನ್ರನ್ನ ಇಲ್ಲೇ ಮಣ್ಣು ಮಾಡಿದ್ದು. ಜಾಲಿ ತೆಗೆಯೋಕೆ ಬಂದ ಜೆಸಿಬಿ ಗುರುತಿನ ಕಲ್ಲು ಕಿತ್ತಾಕ್ತು. ಕಲ್ಲಿನ ಬದ್ಲು ನಾನೇ ನಿಂತ್ಕತೀನಿ."

ಬಿಸಿಲಿನಲ್ಲಿ ಒಂದು ಗಂಟೆ ಅಲ್ಲಾಡದೆ ನಿಂತರು.

ಸಂಜೆ ಲ್ಯಾಪ್‌ಟಾಪ್ ತೆರೆದರೆ, ಅಜ್ಜಿ ಚುಕ್ಕಿಚುಕ್ಕಿಯಾಗಿ ಅಲ್ಲೇ ನಿಂತಿದ್ದರು. ನಮ್ಮ ಮೇಲಿನವರಿಗೆ ಫೋನ್ ಮಾಡಿ ವಿಷಯ ತಿಳಿಸಿದೆ.

"ನಮಗೆ ಮರ ಮಾತ್ರ ಬೇಕು ಕಣ್ರೀ. ಮನುಷ್ಯರನ್ನ ಅಳಿಸಿ" ಎಂದರು.

ಅಳಿಸಿದೆ. ನಕ್ಷೆಯಲ್ಲಿ ಈಗ ಅಲ್ಲಿ ಬರೀ ನೆಲವಿದೆ. ಜೆಸಿಬಿಗಿಂತ ನಮ್ಮ ಕೆಲಸ ನೀಟು. ಸದ್ದೂ ಇಲ್ಲ, ಧೂಳೂ ಇಲ್ಲ.