ನಮ್ಮ ಆಫೀಸಿನಲ್ಲಿ ತಪ್ಪೆಲ್ಲ ಕರೆಂಟಿನದು

ನೋಡ್ರಪ್ಪಾ, ನಮ್ಮ ಹಾಸನದ ಸಣ್ಣ ಕಂಪನಿಯಲ್ಲಿ ಓನರ್ ಸಾ ಒಂದು ನಿಯಮ ಮಾಡಿದ್ದಾರೆ: "ಯಾರ್ ತಪ್ಪು ಅಂತ ಕೇಳಂಗಿಲ್ಲ, ಏನಾಯ್ತು ಅಂತ ಮಾತ್ರ ಕೇಳ್ಬೇಕು." ಅವತ್ತಿನಿಂದ ಏನೇ ಕೆಟ್ಟರೂ ಎಲ್ಲರೂ ಕರೆಂಟಿನ ಮೇಲೆ ಹಾಕುತ್ತಾರೆ.

ಮೊಬೈಲಿನಿಂದ ಪಂಪಿನ ಮೋಟರು ಆನ್, ಆಫ್ ಮಾಡುವ ಬಾಕ್ಸು ನಮ್ಮದು. ಹೊಲಕ್ಕೆ ಹೋಗಿ ಅದನ್ನು ಕೂರಿಸುವವನು ನಾನು. ಇವತ್ತು ಬೆಳಿಗ್ಗೆ ಕಟ್ಟಾಯದಿಂದ ರೈತರೊಬ್ಬರು ಫೋನ್ ಮಾಡಿದರು. ರಾತ್ರಿಯಿಡೀ ಮೋಟರು ಆಫ್ ಆಗದೆ ಆಲೂಗಡ್ಡೆ ಹೊಲದಲ್ಲಿ ನೀರು ನಿಂತಿದೆಯಂತೆ.

"ಕರೆಂಟ್ ಪ್ರಾಬ್ಲಮ್ ಇರ್ಬೇಕು ಸಾ" ಎಂದ ಸೀನಿಯರ್ ಇಂಜಿನಿಯರ್ ಮಧು.

"ಕರೆಂಟ್ ಇಲ್ದೆ ಮೋಟ್ರು ಓಡ್ತದಾ ಮಧು?" ಎಂದರು ಸಾ.

ಹೋದ ತಿಂಗಳು ಸೇರಿದ ಕಾವ್ಯ ಎದ್ದು ನಿಂತಳು. "ನನ್ ತಪ್ಪು ಸಾ. ನೆನ್ನೆ ಬಾಕ್ಸಿನ ಕೋಡ್ ಬದಲಾಯಿಸ್ದೆ, ಟೆಸ್ಟ್ ಮಾಡ್ಲಿಲ್ಲ. ಕೆಲ್ಸದಿಂದ ತೆಗೀತೀರಾ?"

ಸಾ ಬೈಯಲು ಬಾಯಿ ತೆರೆದವರು ಮುಚ್ಚಿಕೊಂಡು ನೀರು ಕುಡಿದರು. "ನಿಮ್ಮನ್ನ ತೆಗುದ್ರೆ ಸರಿ ಮಾಡೋರ್ಯಾರಮ್ಮ? ಕೂತ್ಕೊಂಡು ಹೆಂಗಾಯ್ತು ಹೇಳಿ."

ಎಲ್ಲ ಕೇಳಿಸಿಕೊಂಡ ಮೇಲೆ ಅವರೇ ರೈತರಿಗೆ ಫೋನ್ ಮಾಡಿದರು.

"ನಮ್ದೇ ತಪ್ಪು ಕಣಣ್ಣ."

"ನಿಮ್ದು ಅಂದ್ರೆ ಯಾರ್ದು? ಎಸ್ರೇಳು ಮದ್ಲು."

"ನಂದೇ ಅನ್ಕಳಿ."

ಆಮೇಲೆ ಆ ಕಡೆಯಿಂದ ಬಂದ ಬೈಗುಳ ಸ್ಪೀಕರ್ ಇಲ್ಲದೆಯೇ ನಮಗೆಲ್ಲ ಕೇಳಿಸಿತು. ಸಾ ಹೂಂಗುಟ್ಟುತ್ತಾ ನಿಂತಿದ್ದರು. ಮಧು ಸದ್ದಿಲ್ಲದೆ ಕುರ್ಚಿ ಎಳೆದುಕೊಂಡು ಕಾವ್ಯಳ ಪಕ್ಕ ಟೆಸ್ಟ್ ಮಾಡಲು ಕೂತ.

ಒಳ್ಳೆ ನಿಯಮ, ನನಗೂ ಇಷ್ಟವಾಯಿತು. ಆದರೆ ನಾಳೆ ಬಾಕ್ಸ್ ನೋಡಲು ಕಟ್ಟಾಯಕ್ಕೆ ಹೋಗುವವನು ನಾನು, ಆ ಹೊಲಕ್ಕೆ ಈ ನಿಯಮ ಅನ್ವಯಿಸುವುದಿಲ್ಲ.