ತೊಳೆದು ಓರೆಯಾಗಿಟ್ಟ ಟ್ರೈಲರ್

ಪಂಚಾಯತಿನ ಯೋಜನೆಯಲ್ಲಿ ನಮ್ಮ ಮಹಿಳಾ ಗುಂಪಿಗೆ ಮಿನಿ ಟ್ರ್ಯಾಕ್ಟರ್ ಬಂದ ದಿನ ನಾನು ಮೊದಲು ಕೈಗೆತ್ತಿಕೊಂಡದ್ದು ಅದರ ಕೈಪಿಡಿಯನ್ನು. ಇಂಗ್ಲಿಷ್ ಇತ್ತು, ಮಲಯಾಳ ಇತ್ತು, ಕನ್ನಡ ಇರಲಿಲ್ಲ. ಕನ್ನಡ ಓದುವ ಹೆಂಗಸರ ಕೈಗೆ ಕೊಡುವ ಯಂತ್ರದ ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯದಿರುವುದು ಅಲಕ್ಷ್ಯವಲ್ಲ, ಅನ್ಯಾಯ. ಅಂದೇ ಒಂದು ಮನವಿ ಬರೆದೆ. ಸೀಟು ಗಂಡಸಿನ ಕಾಲಿನ ಅಳತೆಯದು. ಅದಕ್ಕೂ ಒಂದು ಬರೆದೆ.

ಟ್ರ್ಯಾಕ್ಟರ್ ಓಡಿಸಬೇಕೆಂದು ಹಂಬಲಿಸಿದವಳು ನನ್ನ ಗೆಳತಿ. ಕುಂಬಳೆ ಕಡೆಯ ಬ್ಯಾರಿ ಮನೆತನದವಳು. ಗಂಡ ದುಬೈಯಲ್ಲಿದ್ದುದರಿಂದ ಮನೆಯ ಕಾರನ್ನು ಆಸ್ಪತ್ರೆಗೆ, ಮದುವೆಗೆ, ರೈಲ್ವೆ ಸ್ಟೇಷನ್ನಿಗೆ ಓಡಿಸಿ ಅವಳ ಕೈ ಪಳಗಿತ್ತು. ಆದರೆ ಅದನ್ನು ಯಾರೂ ಕೆಲಸವೆಂದು ಎಣಿಸಿರಲಿಲ್ಲ. ಈಗ ಮೊದಲ ಬಾರಿಗೆ ಚಾಲಕಿ ಎನ್ನಿಸಿಕೊಳ್ಳುವ ಅವಕಾಶವಿತ್ತು. ಪಂಚಾಯತಿನ ಯಂತ್ರ ಸಮಿತಿಯವರು ಒಂದು ಷರತ್ತು ಹಾಕಿದರು: ಶನಿವಾರ ಅವರ ಎದುರಿನಲ್ಲಿ ಆಕೆಯೇ ಟ್ರೈಲರನ್ನು ಜೋಡಿಸಿ, ಗೊಬ್ಬರ ತುಂಬಿ, ಅದರ ತೊಟ್ಟಿಯನ್ನು ಎತ್ತಿ ಸುರಿದು ತೋರಿಸಬೇಕು. ಆಗದಿದ್ದರೆ ಕೀಲಿ ಸೀತಾಂಗೋಳಿಯ ಒಬ್ಬ ಡ್ರೈವರನಿಗೆ. ಗಂಡಸರ ಯಾವ ಗುಂಪಿಗೂ ಇಂಥ ಪರೀಕ್ಷೆ ಇಟ್ಟದ್ದನ್ನು ನಾನು ಕಂಡಿಲ್ಲ. ಅದನ್ನು ಸಭೆಯಲ್ಲೇ ಹೇಳಿದೆ.

ಶನಿವಾರ ಬೆಳಿಗ್ಗೆ ಸಮಿತಿಯ ಪರವಾಗಿ ಒಬ್ಬ ನಿವೃತ್ತ ಮಾಸ್ತರರು ತಮ್ಮ ಹಳೆಯ ಜೀಪಿನಲ್ಲಿ ಬಂದರು. ಗೆಳತಿ ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ಕೊಂಡಿಗೆ ಪಿನ್ ಹಾಕಿದಳು. ಉಳಿದದ್ದು ಎಣ್ಣೆಯ ಪೈಪು. ಟ್ರೈಲರಿನಿಂದ ಬರುವ ಆ ದಪ್ಪ ಪೈಪಿನ ತುದಿಯನ್ನು ಟ್ರ್ಯಾಕ್ಟರಿನ ಹಿಂಬದಿಯ ತೂತಿಗೆ ಒತ್ತಿ ಕೂರಿಸಿದರೆ ಎಂಜಿನ್ ನೂಕುವ ಎಣ್ಣೆಯ ಒತ್ತಡದಿಂದ ತೊಟ್ಟಿ ಮೇಲೇಳುತ್ತದೆ. ವರ್ಕ್‌ಶಾಪಿನವರು ತುದಿಯನ್ನು ಗಂಡು, ತೂತನ್ನು ಹೆಣ್ಣು ಎನ್ನುತ್ತಾರೆ. ಈ ಹೆಸರುಗಳೂ ತಪ್ಪೆಂದು ನಾನು ವಿವರಿಸತೊಡಗಿದೆ.

"ಟೀಚರೇ, ಹೆಸರು ಆಮೇಲೆ ಬದಲಿಸುವ. ಮೊದಲು ಇದು ಒಳಗೆ ಹೋಗ್ಲಿ," ಎಂದಳು ಗೆಳತಿ.

ಅದು ಹೋಗಲಿಲ್ಲ. ಒರೆಸಿ ಒತ್ತಿದಳು, ತಿರುಗಿಸಿ ಒತ್ತಿದಳು. ಹಣೆಯ ಬೆವರು ತಲೆಗೆ ಸುತ್ತಿದ ಶಾಲಿನ ಅಂಚಿಗೆ ಇಳಿಯಿತು.

"ಬಿಡಮ್ಮ, ನಾನು ಹಾಕ್ತೇನೆ. ಇದಕ್ಕೆ ಸ್ವಲ್ಪ ತಾಕತ್ತು ಬೇಕಾಗ್ತದೆ," ಎಂದು ಮಾಸ್ತರರು ಮುಂದೆ ಬಂದರು.

"ಬೇಡ ಮಾಸ್ಟ್ರೇ. ನೀವು ಹಾಕಿದ್ರೆ ಕೀಲಿಯೂ ನಿಮಗೇ ಹೋಗ್ತದೆ."

ನಾನು ಕೈಪಿಡಿ ತೆರೆದು ಇಂಗ್ಲಿಷಿನಿಂದ ಕನ್ನಡಕ್ಕೆ ತಿರುಗಿಸುತ್ತಾ ಗಟ್ಟಿಯಾಗಿ ಓದಿದೆ: "ಪೈಪಿನೊಳಗೆ ಒತ್ತಡ ಉಳಿದಿದ್ದರೆ ತುದಿ ಕೂರುವುದಿಲ್ಲ. ಎಂಜಿನ್ ನಿಲ್ಲಿಸಿ, ಲಿವರನ್ನು ಹಿಂದೆ ಮುಂದೆ ಆಡಿಸಿ. ತೊಟ್ಟಿ ಪೂರ್ತಿ ಕೆಳಗಿರಲಿ."

ಗೆಳತಿ ತಿರುಗಿ ತೊಟ್ಟಿಯನ್ನು ನೋಡಿದಳು. ನಾನೂ ನೋಡಿದೆ. ಅದು ಕೆಳಗಿರಲಿಲ್ಲ. ಹಿಂದಿನ ಸಂಜೆ, ಅಭ್ಯಾಸಕ್ಕೆಂದು ಸೆಗಣಿ ಹೊತ್ತ ತೊಟ್ಟಿಯನ್ನು ನಾವೆಲ್ಲ ಸೇರಿ ತೆಂಗಿನ ನಾರಿನಿಂದ ಉಜ್ಜಿ ತೊಳೆದಿದ್ದೆವು. ನೀರು ಬಸಿಯಲೆಂದು ಒಂದು ಗೇಣು ಎತ್ತಿ, ಮರದ ತುಂಡನ್ನು ಅಡಿಗಿಟ್ಟು, ಪೈಪು ಕಳಚಿದ್ದೆವು. ತೊಳೆದ ಪಾತ್ರೆಯನ್ನು ಓರೆಯಾಗಿಡದೆ ನಮ್ಮಲ್ಲಿ ಯಾರೂ ಅಡಿಗೆಮನೆಯಿಂದ ಹೊರಗೆ ಬರುವವರಲ್ಲ. ತೊಟ್ಟಿಯ ಭಾರ ಮರಕ್ಕೆ ತಾಗಿರಲೇ ಇಲ್ಲ. ರಾತ್ರಿಯಿಡೀ ಅದನ್ನು ಹೊತ್ತದ್ದು ಪೈಪಿನೊಳಗೆ ಸಿಕ್ಕಿಬಿದ್ದ ಎಣ್ಣೆ.

"ಅಯ್ಯೋ ಮಾರಾಯ್ತಿ, ಚೆಂಬು ಕವುಚಿ ಹಾಕಿದ ಹಾಗೆ ಮಾಡಿದೆವಲ್ಲ!" ಎಂದೆ.

ಅವಳು ನಗುತ್ತಾ ನೆಲದಲ್ಲೇ ಕುಳಿತುಬಿಟ್ಟಳು. ನಗುತ್ತಿದ್ದಂತೆ ಕಣ್ಣುಗಳು ತುಂಬಿದವು. "ಇಷ್ಟಕ್ಕೆ ಕೀಲಿ ಹೋಗ್ತದಾ ಟೀಚರೇ?"

"ಹೋಗುವುದಿಲ್ಲ. ಎಣ್ಣೆಯ ಮೇಲಿನ ಭಾರ ಇಳಿಸಿದರೆ ಆಯಿತು."

ಅವಳು ಎದ್ದು ಸೀರೆಯ ಧೂಳು ಕೊಡವಿದಳು. "ಮಾಸ್ಟ್ರೇ, ಜೀಪಿನಲ್ಲಿ ಜ್ಯಾಕ್ ಉಂಟಾ?"

"ಉಂಟು. ಎಂತಕ್ಕೆ?"

"ಜ್ಯಾಕ್ ಮಾತ್ರ ಕೊಡಿ. ನಿಮ್ಮ ಕೈ ಬೇಡ."

ಅವಳು ಬದಿಯಲ್ಲೇ ನಿಂತು, ತೊಟ್ಟಿಯ ಅಡಿಗೆ ಕೈಯನ್ನೂ ತಲೆಯನ್ನೂ ತೂರಿಸದೆ, ಚೌಕಟ್ಟಿನ ಮೇಲೆ ಜ್ಯಾಕ್ ಇಟ್ಟು ತಿರುಗಿಸಿದಳು. ತೊಟ್ಟಿ ಕೂದಲೆಳೆಯಷ್ಟು ಮೇಲೆದ್ದು, ಅದರ ಭಾರ ಎಣ್ಣೆಯಿಂದ ಜ್ಯಾಕಿಗೆ ಬಂತು. ಎಂಜಿನ್ ನಿಂತೇ ಇತ್ತು. ಅವಳು ಹೇಳಿದಂತೆ ನಾನು ಲಿವರ್ ಆಡಿಸಿದೆ. ಅವಳು ಪೈಪಿನ ತುದಿಯನ್ನು ಮತ್ತೊಮ್ಮೆ ಒರೆಸಿ ಒತ್ತಿದಳು. ಟಕ್ ಎಂದಿತು.

ಸುತ್ತ ನಿಂತಿದ್ದ ಗುಂಪಿನ ಹೆಂಗಸರೆಲ್ಲ ಒಮ್ಮೆಗೇ ಚಪ್ಪಾಳೆ ತಟ್ಟಿದರು. ಮಾಸ್ತರರೂ ತಟ್ಟಿದರು, ಮತ್ತು ಅದರಲ್ಲಿ ನನಗೆ ಯಾವ ತಪ್ಪೂ ಕಾಣಲಿಲ್ಲ.

ಆಮೇಲೆ ತೊಟ್ಟಿಯನ್ನು ಎತ್ತಿ, ಜ್ಯಾಕನ್ನೂ ಮರದ ತುಂಡನ್ನೂ ತೆಗೆದು, ನಿಧಾನವಾಗಿ ಕೆಳಗಿಳಿಸಿ, ಗೊಬ್ಬರ ತುಂಬಿ ಗದ್ದೆಗೆ ಹೋದೆವು. ಅವಳು ಲಿವರ್ ಒತ್ತಿದಾಗ ಗೊಬ್ಬರ ಒಂದೇ ಸಮನೆ ಜಾರಿ ಬಿದ್ದಿತು. ಮಾಸ್ತರರು ಕನ್ನಡಕ ಒರೆಸಿಕೊಂಡು ಹತ್ತಿರ ಬಂದರು.

"ಸೋಮವಾರ ನನ್ನ ತೋಟಕ್ಕೆ ಒಂದು ಟ್ರಿಪ್ ಹೊಡೀಲಿಕ್ಕೆ ಆಗ್ತದಾಮ್ಮ?"

ಸೀಟಿನ ಮೇಲಿದ್ದ ಅವಳು ಯೋಚಿಸುವವಳಂತೆ ಮುಖ ಮಾಡಿದಳು. "ಸೋಮವಾರ ಬದಿಯಡ್ಕ ರಸ್ತೆಯ ಅಕ್ಕನದ್ದು ಉಂಟು ಮಾಸ್ಟ್ರೇ. ಮಂಗಳವಾರ ಬರ್ತೇನೆ. ಗೇಟು ತೆರೆದಿಡಿ."